ಕ್ವಾಡ್ 2 ರಿಪೇರಿ: 180 ಓಮ್ ರೆಸಿಸ್ಟರ್ ಸುತ್ತ ವಿಪರೀತ ಬಿಸಿ, ಏನು ಮಾಡೋದು?

ದಾವಣಗೆರೆ_ವಾಲ್ವ್

ಎಲ್ಲರಿಗೂ ನಮಸ್ಕಾರ. ಒಂದು ಜೊತೆ ಕ್ವಾಡ್ 2 ವಾಲ್ವ್ ಆಂಪ್ಲಿಫಯರ್ (ಆಂಪ್) ಕೈಗೆ ಬಂದಿದೆ. ಇಂಗ್ಲೆಂಡಿನ ಹಂಟಿಂಗ್ಡನ್‌ನಲ್ಲಿ ತಯಾರಾದ ಹಳೇ ಪೀಸುಗಳೇ. ಎರಡೂ ಆನ್ ಆಗುತ್ತವೆ, ಚೆನ್ನಾಗಿಯೇ ಹಾಡುತ್ತವೆ. ಆದರೆ ಒಂದರಲ್ಲಿ ಅರ್ಧ ಗಂಟೆ ಕಳೆದ ಮೇಲೆ ಸುಟ್ಟ ವಾಸನೆ ಶುರುವಾಗುತ್ತೆ. ತಿರುಗಿಸಿ ನೋಡಿದೆ. ಎರಡು ಕೆಟಿ66 ಔಟ್‌ಪುಟ್ ವಾಲ್ವ್‌ಗಳಿಗೂ ಸೇರಿ ಇರುವ 180 ಓಮ್ ಕ್ಯಾಥೋಡ್ (ವಾಲ್ವಿನಲ್ಲಿ ಎಲೆಕ್ಟ್ರಾನ್ ಹೊರಡುವ ತುದಿ) ರೆಸಿಸ್ಟರ್ ಕಪ್ಪಾಗಿದೆ, ಅದಕ್ಕೆ ಅಂಟಿಕೊಂಡಂತೆ ಕೂತಿರುವ 25 ಮೈಕ್ರೊಫ್ಯಾರಡ್ ಕೆಪಾಸಿಟರಿನ ಹೊದಿಕೆ ಸೀಳಿದೆ, ಸುತ್ತಲಿನ ವೈರುಗಳ ಇನ್ಸುಲೇಷನ್ ಮುಟ್ಟಿದರೆ ಪುಡಿಯಾಗುತ್ತೆ. ಇನ್ನೊಂದು ಆಂಪ್‌ನಲ್ಲೂ ಅದೇ ಜಾಗ ಕಂದು ಬಣ್ಣಕ್ಕೆ ತಿರುಗಿದೆ, ಆದರೆ ಇಷ್ಟು ಕೆಟ್ಟಿಲ್ಲ.

ನಮ್ಮೂರಲ್ಲಿ ಏಪ್ರಿಲ್ ಅಂದರೆ ಕೋಣೆಯ ಒಳಗೇ 35, 36 ಡಿಗ್ರಿ. ಮೂಲದಲ್ಲಿ ಅದು 3 ವ್ಯಾಟ್ ರೆಸಿಸ್ಟರ್. 10 ವ್ಯಾಟಿನದು ಹಾಕಿ, ಪಕ್ಕದಲ್ಲಿ ಒಂದು ಚಿಕ್ಕ ಫ್ಯಾನ್ ಇಟ್ಟರೆ ಸಾಕಾಗುತ್ತಾ?

ಮೀಟರ್_ಮೊದಲು

ಫ್ಯಾನ್ ವಿಷಯ ಆಮೇಲೆ ನೋಡೋಣ. ಮೊದಲು ಆ ರೆಸಿಸ್ಟರಿನ ಎರಡು ತುದಿಗಳ ನಡುವೆ ಎಷ್ಟು ವೋಲ್ಟ್ ಇದೆ ಅಂತ ಹೇಳಿ. ಆನ್ ಮಾಡಿದ ತಕ್ಷಣದ ಲೆಕ್ಕ ಬೇಡ, ಒಂದು ಗಂಟೆ ಓಡಿದ ಮೇಲಿನ ಲೆಕ್ಕ ಬೇಕು.

ಯಾಕೆ ಅಂದರೆ ಕ್ವಾಡ್ 2ರಲ್ಲಿ ಆ ಜಾಗದಲ್ಲಿ ಸುಮಾರು 26 ವೋಲ್ಟ್ ಇರಬೇಕು. 26ನ್ನು 26ರಿಂದಲೇ ಗುಣಿಸಿ 180ರಿಂದ ಭಾಗಿಸಿ, 3.76 ವ್ಯಾಟ್ ಬರುತ್ತೆ. ಅಂದರೆ ಎಲ್ಲಾ ಸರಿಯಾಗಿದ್ದಾಗಲೂ 3 ವ್ಯಾಟ್ ರೆಸಿಸ್ಟರ್ ತನ್ನ ಮಿತಿಗಿಂತ ಜಾಸ್ತಿ ದುಡಿಯುತ್ತಿದೆ. ಕ್ವಾಡ್ ಸ್ಥಾಪಕ ಪೀಟರ್ ವಾಕರ್ ಅವರ ಈ ಡಿಸೈನ್ 1953ರಿಂದ ಬಂದದ್ದು, ಅಷ್ಟು ಚಿಕ್ಕ ಷಾಸಿಯಲ್ಲಿ (ಲೋಹದ ಚೌಕಟ್ಟಿನಲ್ಲಿ) ಅಷ್ಟು ಅಚ್ಚುಕಟ್ಟಾಗಿ ಕೂರಿಸಿದ್ದಾರೆ, ನನಗೆ ಅದರ ಬಗ್ಗೆ ತುಂಬಾ ಗೌರವ ಇದೆ. ಆದರೆ ಈ ಒಂದು ರೆಸಿಸ್ಟರ್ ಮಾತ್ರ ಅದರ ಬಿಸಿ ಮೂಲೆ, ಈ ಆಂಪ್ ರಿಪೇರಿ ಮಾಡಿದವರಿಗೆಲ್ಲ ಗೊತ್ತಿರುವ ವಿಷಯ.

ಈಗ ನಿಮ್ಮದರಲ್ಲಿ 26ಕ್ಕಿಂತ ಜಾಸ್ತಿ ಇದ್ದರೆ ರೆಸಿಸ್ಟರ್ ಬದಲಿಸಿದರೂ ರೋಗ ಹಾಗೇ ಉಳಿಯುತ್ತೆ. ವಾಲ್ವ್‌ಗಳು ಜಾಸ್ತಿ ಕರೆಂಟ್ ಎಳೀತಿವೆ ಅಂತ ಅರ್ಥ. ಅದು ಯಾಕೆ ಅಂತ ಹುಡುಕೋದೇ ಮೊದಲ ಕೆಲಸ.

ಕಲಬುರಗಿ_ಬೇಸಿಗೆ

ಸರ್, ಮೀಟರ್ ಹಿಡಿಯೋ ಮುಂಚೆ ಒಂದು ಮಾತು. ಒಳಗೆ 330 ವೋಲ್ಟಿಗೂ ಜಾಸ್ತಿ ಡಿಸಿ ಇರುತ್ತೆ. ಆಫ್ ಮಾಡಿ ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಚಾರ್ಜ್ ಉಳಿಯಬಹುದು. 47 ಕಿಲೋಓಮ್, 2 ವ್ಯಾಟ್ ರೆಸಿಸ್ಟರಿಗೆ ಇನ್ಸುಲೇಟೆಡ್ ಕ್ಲಿಪ್ ಹಾಕಿಟ್ಟುಕೊಳ್ಳಿ, ಅದರಿಂದ ಡಿಸ್ಚಾರ್ಜ್ ಮಾಡಿ, ಆಮೇಲೆ ಮೀಟರಿನಲ್ಲಿ ಸೊನ್ನೆ ಬಂದಿದ್ದನ್ನು ನೋಡಿಯೇ ಕೈ ಹಾಕಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡೋದು ಬೇಡ. ಅಳತೆಗೆ ಕ್ಲಿಪ್ ಇರುವ ಪ್ರೋಬ್ ಬಳಸಿ. ಆಫ್ ಇದ್ದಾಗ ಸಿಕ್ಕಿಸಿ, ಆಮೇಲೆ ಆನ್ ಮಾಡಿ.

ದಾವಣಗೆರೆ_ವಾಲ್ವ್

ಅಳತೆ ಇಲ್ಲಿದೆ. ವಾಸನೆ ಬರುವ ಆಂಪ್‌ನಲ್ಲಿ ಶುರುವಿಗೆ 27.2 ವೋಲ್ಟ್, ಒಂದು ಗಂಟೆ ಆದ ಮೇಲೆ 29. ರೆಸಿಸ್ಟರ್ ತಣ್ಣಗಿದ್ದಾಗ 182 ಓಮ್. ವಾಲ್ವ್ ಕಾಯಿಸುವ ಹೀಟರಿನ ವೋಲ್ಟೇಜ್ 6.8. ಗೋಡೆಯ ಪ್ಲಗ್‌ನಲ್ಲಿ ರಾತ್ರಿ ಹೊತ್ತು 248 ವೋಲ್ಟ್. ಟ್ರಾನ್ಸ್‌ಫಾರ್ಮರಿನ ಟ್ಯಾಪ್ (ಮೇನ್ಸ್ ವೋಲ್ಟೇಜಿಗೆ ತಕ್ಕಂತೆ ಆರಿಸುವ ಜಾಗ) ಅದಕ್ಕಿಂತ ಕಡಿಮೆ ವೋಲ್ಟೇಜಿನ ಜಾಗದಲ್ಲಿದೆ, ಬಂದಾಗಿಂದ ಹಾಗೇ ಇತ್ತು.

ಮೀಟರ್_ಮೊದಲು

ಅರ್ಧ ಉತ್ತರ ಇದರಲ್ಲೇ ಇದೆ.

29 ವೋಲ್ಟ್, 182 ಓಮ್. ಅಂದರೆ 159 ಮಿಲಿಆಂಪ್, 4.6 ವ್ಯಾಟ್. 3 ವ್ಯಾಟ್ ರೆಸಿಸ್ಟರ್ ಕಪ್ಪಾಗದೆ ಇನ್ನೇನಾಗುತ್ತೆ. ಒಂದೊಂದು ಕೆಟಿ66 ಪಾಲಿಗೆ ಸುಮಾರು 80 ಮಿಲಿಆಂಪ್ ಬಿತ್ತು. ಅದರ ಆನೋಡ್ (ಎಲೆಕ್ಟ್ರಾನ್ ಬಂದು ಸೇರುವ ತಟ್ಟೆ) ತಾಳುವ ಮಿತಿ 25 ವ್ಯಾಟ್, ನೀವು ಆ ಅಂಚಿನಲ್ಲೇ ಇದ್ದೀರಿ.

ಹೀಟರ್ 6.3 ಇರಬೇಕಾದದ್ದು 6.8 ಇದೆ, ಶೇಕಡ 8 ಜಾಸ್ತಿ. ಇದು ಟ್ಯಾಪಿನ ಕಥೆ. ಟ್ಯಾಪನ್ನು ಮೇಲಿನ ವೋಲ್ಟೇಜಿಗೆ ಹಾಕಿ. ಈ ಒಂದೇ ಬದಲಾವಣೆಯಿಂದ ಹೀಟರ್, ಎಚ್‌ಟಿ (ವಾಲ್ವ್‌ಗಳಿಗೆ ಹೋಗುವ ಹೈ ವೋಲ್ಟೇಜ್ ಡಿಸಿ), ಟ್ರಾನ್ಸ್‌ಫಾರ್ಮರ್, ರೆಸಿಸ್ಟರ್ ಎಲ್ಲವೂ ಒಟ್ಟಿಗೆ ತಣ್ಣಗಾಗುತ್ತವೆ, ಖರ್ಚು ಏನೂ ಇಲ್ಲ.

ಆದರೆ 27.2ರಿಂದ 29ಕ್ಕೆ ಏರಿದ್ದು ಟ್ಯಾಪಿನಿಂದ ಅಲ್ಲ. ಬಿಸಿಯಾದಂತೆ ಕರೆಂಟ್ ಏರುತ್ತಿದೆ ಅಂದರೆ ನನ್ನ ಅನುಮಾನ ಕಪ್ಲಿಂಗ್ ಕೆಪಾಸಿಟರ್ ಮೇಲೆ. ಮುಂದಿನ ಹಂತದ ಚಿಕ್ಕ ಇಎಫ್86 ವಾಲ್ವಿನ ಆನೋಡಿನಿಂದ ಕೆಟಿ66 ಗ್ರಿಡ್ಡಿಗೆ (ವಾಲ್ವಿನ ಕರೆಂಟ್ ನಿಯಂತ್ರಿಸುವ ಜಾಲರಿ) ಹೋಗುವ 0.1 ಮೈಕ್ರೊಫ್ಯಾರಡ್ ಎರಡು ಇವೆಯಲ್ಲ, ಅವು. ಗ್ರಿಡ್ಡಿನಿಂದ ಕೆಳಗೆ 680 ಕಿಲೋಓಮ್ ಇದೆ. ಕೆಪಾಸಿಟರ್ ಬರೀ 3 ಮೈಕ್ರೊಆಂಪ್ ಸೋರಿದರೂ ಗ್ರಿಡ್ಡಿನಲ್ಲಿ 2 ವೋಲ್ಟ್ ಪಾಸಿಟಿವ್ ಕೂತುಬಿಡುತ್ತೆ. ಹಳೇ ಪೇಪರ್ ಕೆಪಾಸಿಟರ್ ತಣ್ಣಗಿದ್ದಾಗ ಚೆನ್ನಾಗಿಯೇ ಕಾಣುತ್ತೆ, ಬಿಸಿಯಾದಾಗ ಸೋರಿಕೆ ಏರುತ್ತೆ. ಸೋರಿಕೆಯಿಂದ ವಾಲ್ವ್ ಜಾಸ್ತಿ ಕರೆಂಟ್ ಎಳೆಯುತ್ತೆ, ಅದರಿಂದ ಷಾಸಿ ಇನ್ನೂ ಬಿಸಿಯಾಗುತ್ತೆ, ಅದರಿಂದ ಕೆಪಾಸಿಟರ್ ಇನ್ನೂ ಸೋರುತ್ತೆ. ಈ ಸುತ್ತಿಗೆ ಫ್ಯಾನ್ ಔಷಧಿ ಅಲ್ಲ.

ಗ್ರಿಡ್ಡಿನಲ್ಲಿ ಅಳೆಯುವಾಗ 10 ಮೆಗಾಓಮ್ ಇನ್‌ಪುಟ್ ಇರುವ ಡಿಜಿಟಲ್ ಮೀಟರ್ ಬಳಸಿ. ಮುಳ್ಳಿನ ಹಳೇ ಮೀಟರ್ ಆ ಜಾಗದಲ್ಲಿ ನಿಜ ಹೇಳಲ್ಲ.

ಎಸ್‌ಪಿ_ರೋಡ್_ಗಿರಾಕಿ

10 ವ್ಯಾಟ್ ಬಿಳೀ ಸಿಮೆಂಟ್ ರೆಸಿಸ್ಟರ್ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತೆ. ಹಾಕಿಬಿಡಿ, ತಣ್ಣಗಿರುತ್ತೆ.

ಬೆಸುಗೆ_ಬಿಸಿ

ತಣ್ಣಗಿರುತ್ತೆ ಅನ್ನೋದನ್ನು ಒಪ್ಪಲ್ಲ. ಈ ತಪ್ಪು ತಿಳುವಳಿಕೆ ಎಲ್ಲಾ ಕಡೆ ಇದೆ, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತೀನಿ.

10 ವ್ಯಾಟ್ ಅಂತ ಬರೆದಿರೋದು ಅದು ತಾಳಿಕೊಳ್ಳುವ ಮಿತಿ. ಹೊರಗೆ ಬರುವ ಬಿಸಿ ಎಷ್ಟು ಅನ್ನೋದು ವೋಲ್ಟೇಜ್ ಮತ್ತು ಕರೆಂಟಿನ ಲೆಕ್ಕ. 3 ವ್ಯಾಟಿನದು ಹಾಕಿ, 10ರದ್ದು ಹಾಕಿ, 50ರದ್ದು ಹಾಕಿ, ಆ ಷಾಸಿಯೊಳಗೆ ಬೀಳೋದು ಅದೇ ಮೂರು ಮುಕ್ಕಾಲು ವ್ಯಾಟ್. ದೊಡ್ಡದಕ್ಕೆ ಮೈ ದೊಡ್ಡದು, ಹಾಗಾಗಿ ಮೇಲ್ಮೈ ಅಷ್ಟು ಕಾಯಲ್ಲ, ರೆಸಿಸ್ಟರ್ ಬದುಕುತ್ತೆ. ಪಕ್ಕದ ಕೆಪಾಸಿಟರ್ ಬದುಕುತ್ತೆ ಅನ್ನೋ ಗ್ಯಾರಂಟಿ ಇಲ್ಲ. ಒಟ್ಟು ಬಿಸಿ ಅಷ್ಟೇ ಇದೆ, ಜೊತೆಗೆ ದೊಡ್ಡ ಮೈ ಕೆಪಾಸಿಟರಿಗೆ ಇನ್ನೂ ಹತ್ತಿರ ಬಂತು. ಹಾಗಾಗಿ ವ್ಯಾಟ್ ಜಾಸ್ತಿ ಮಾಡಿ, ಖಂಡಿತ ಮಾಡಿ, ಆದರೆ ಅದರ ಜೊತೆ ಜಾಗವನ್ನೂ ಬದಲಿಸಿ.

ಇಲ್ಲಿ ಒಂದು ಅನುಕೂಲ ಇದೆ. ಕ್ಯಾಥೋಡ್ ರೆಸಿಸ್ಟರ್ ಮತ್ತು ಅದರ ಬೈಪಾಸ್ ಕೆಪಾಸಿಟರ್ (ಆ 25 ಮೈಕ್ರೊಫ್ಯಾರಡ್) ಸರ್ಕ್ಯೂಟಿನಲ್ಲಿ ಪ್ಯಾರಲಲ್ ಇವೆ ಅಂದ ಮಾತ್ರಕ್ಕೆ ಬೋರ್ಡಿನಲ್ಲೂ ಮೈಗೆ ಮೈ ತಾಗಿಸಿಕೊಂಡು ಇರಬೇಕು ಅಂತ ಏನೂ ಇಲ್ಲ. ಆಡಿಯೋ ಫ್ರೀಕ್ವೆನ್ಸಿಯಲ್ಲಿ ಹತ್ತು ಸೆಂಟಿಮೀಟರ್ ವೈರ್ ಏನೂ ವ್ಯತ್ಯಾಸ ಮಾಡಲ್ಲ. ರೆಸಿಸ್ಟರನ್ನು ಬೋರ್ಡಿನ ಒಂದು ತುದಿಗೆ ಒಯ್ಯಿರಿ, ಕೆಪಾಸಿಟರನ್ನು ಇನ್ನೊಂದು ತುದಿಗೆ. ರೆಸಿಸ್ಟರನ್ನು ಬೋರ್ಡಿಗೆ ಒರಗಿಸಬೇಡಿ, ಒಂದು ಸೆಂಟಿಮೀಟರ್ ಮೇಲೆ ಎತ್ತಿ, ಕಾಲುಗಳಿಗೆ ಪಿಂಗಾಣಿ ಮಣಿ ಹಾಕಿ. ಬೆಸೆಯುವ ಮುಂಚೆ ಕಾಲನ್ನು ಟ್ಯಾಗಿಗೆ ಗಟ್ಟಿಯಾಗಿ ಸುತ್ತಿ. ಸಾಮಾನ್ಯ ಸಾಲ್ಡರ್ 183 ಡಿಗ್ರಿಗೇ ಮೆತ್ತಗಾಗಲು ಶುರು. ಫುಲ್ ಲೋಡಿನಲ್ಲಿ ಓಡುವ ವೈರ್‌ವೌಂಡ್ ರೆಸಿಸ್ಟರಿನ ಮೈ 200 ಡಿಗ್ರಿ ದಾಟೋದು ಮಾಮೂಲು. ಬರೀ ಸಾಲ್ಡರನ್ನೇ ನಂಬಿ ನಿಂತ ಜಾಯಿಂಟ್ ಒಂದು ದಿನ ಬಿಡುತ್ತೆ. ಕ್ಯಾಥೋಡ್ ಜಾಯಿಂಟ್ ಬಿಟ್ಟರೆ ಆ ಜಾಗದ ವೋಲ್ಟೇಜ್ ಪೂರ್ತಿ ಬೈಪಾಸ್ ಕೆಪಾಸಿಟರ್ ಮೇಲೆ ಬೀಳುತ್ತೆ, ಅದು ಸಿಡಿಯುತ್ತೆ.

ಇನ್ನೂ ಹಂಚಬೇಕು ಅಂದರೆ 360 ಓಮ್, 5 ವ್ಯಾಟಿನ ಎರಡನ್ನು ಪ್ಯಾರಲಲ್ ಹಾಕಿ, ಮಧ್ಯೆ ಗಾಳಿಗೆ ಜಾಗ ಬಿಟ್ಟು. ಒಂದೊಂದಕ್ಕೆ ಎರಡು ವ್ಯಾಟಿಗಿಂತ ಕಡಿಮೆ. ನನಗೆ ಇದೇ ಇಷ್ಟ.

ಕಡಲೂರು_ಹಮ್

ಅಲ್ಯೂಮಿನಿಯಂ ಕವಚದ ರೆಸಿಸ್ಟರ್ ಇದೆಯಲ್ಲ, ಬಂಗಾರದ ಬಣ್ಣದ್ದು. ಅದನ್ನು ಷಾಸಿಗೆ ಬೋಲ್ಟ್ ಮಾಡಿದರೆ ಬಿಸಿಯೆಲ್ಲ ಷಾಸಿಗೆ ಹೋಗುತ್ತೆ, ಒಳಗಿನ ಗಾಳಿ ಕಾಯಲ್ಲ. ಇದು ಎಲ್ಲಕ್ಕಿಂತ ಒಳ್ಳೇದಲ್ವಾ?

ಬೆಸುಗೆ_ಬಿಸಿ

ದೊಡ್ಡ ಅಲ್ಯೂಮಿನಿಯಂ ಷಾಸಿ ಇದ್ದರೆ ನಿಮ್ಮ ಮಾತು ಪೂರ್ತಿ ಸರಿ. ಕ್ವಾಡ್ 2ರದ್ದು ಚಿಕ್ಕ ಉಕ್ಕಿನ ಷಾಸಿ. ಉಕ್ಕು ಅಲ್ಯೂಮಿನಿಯಂನಷ್ಟು ಚೆನ್ನಾಗಿ ಬಿಸಿಯನ್ನು ಹರಡಲ್ಲ. ಮೇಲಾಗಿ ಎರಡು ಟ್ರಾನ್ಸ್‌ಫಾರ್ಮರ್, ವಾಲ್ವ್‌ಗಳು ಈಗಾಗಲೇ ಅದನ್ನು ಕಾಯಿಸಿವೆ. ನೀವು ಬೋಲ್ಟ್ ಹಾಕಿದ ಜಾಗ ಮುಖ್ಯ ಫಿಲ್ಟರ್ ಕೆಪಾಸಿಟರಿನ ಹತ್ತಿರ ಇದ್ದರೆ ಒಬ್ಬರನ್ನು ಉಳಿಸಿ ಇನ್ನೊಬ್ಬರನ್ನು ಸುಟ್ಟಂತೆ. ಆ ರೆಸಿಸ್ಟರಿನ ಮೇಲಿರುವ 25 ವ್ಯಾಟ್, 50 ವ್ಯಾಟ್ ಅನ್ನೋದೂ ದೊಡ್ಡ ಹೀಟ್‌ಸಿಂಕ್ ಮೇಲೆ ಕೂರಿಸಿದಾಗಿನ ಲೆಕ್ಕ, ಸುಮ್ನೆ ಗಾಳಿಯಲ್ಲಿ ಬಿಟ್ಟರೆ ಅದರ ಅರ್ಧವೂ ಇಲ್ಲ.

ಇನ್ನೊಂದು. ಅದಕ್ಕೆ ಹೊಸ ರಂಧ್ರ ಕೊರೆಯಬೇಕು. ಕ್ವಾಡ್ 2 ಷಾಸಿಗೆ ದಯವಿಟ್ಟು ಡ್ರಿಲ್ ಹಚ್ಚಬೇಡಿ. ಅರವತ್ತು ಎಪ್ಪತ್ತು ವರ್ಷ ಉಳಿದುಕೊಂಡು ಬಂದಿರೋ ವಸ್ತು. ನಾವು ಮಾಡುವ ಕೆಲಸವನ್ನು ಮುಂದಿನವರು ಬಿಚ್ಚಿ ಮೊದಲಿನಂತೆ ಮಾಡಲು ಸಾಧ್ಯ ಆಗಬೇಕು.

ಲೆಸ್ಟರ್_ಕನ್ನಡಿಗ

ನಾನು ಇಂಗ್ಲೆಂಡಿನಲ್ಲಿದ್ದೇನೆ, ನನ್ನ ಹತ್ತಿರವೂ ಒಂದು ಜೊತೆ ಇದೆ. ಇಲ್ಲಿ ಕೋಣೆ ವರ್ಷದ ಹೆಚ್ಚು ಕಾಲ 20 ಡಿಗ್ರಿ ಆಸುಪಾಸು. ನಿಮ್ಮಲ್ಲಿ 35. ಈ 15 ಡಿಗ್ರಿ ಸಣ್ಣ ವಿಷಯ ಅಲ್ಲ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಆಯಸ್ಸು ಪ್ರತಿ 10 ಡಿಗ್ರಿಗೆ ಸರಿಸುಮಾರು ಅರ್ಧಕ್ಕೆ ಇಳಿಯುತ್ತೆ. ಉಳಿದದ್ದೆಲ್ಲ ಒಂದೇ ಇದ್ದರೂ ನಿಮ್ಮ ಕೆಪಾಸಿಟರ್ ನನ್ನದರ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಕಾಲ ಬಾಳಬಹುದು, ಅಷ್ಟೇ.

ಅದಕ್ಕೇ 105 ಡಿಗ್ರಿಯದ್ದನ್ನೇ ತಗೊಳ್ಳಿ. 85 ಡಿಗ್ರಿ, 2000 ಗಂಟೆ ಅಂತ ಬರೆದಿರೋದು 65 ಡಿಗ್ರಿಯಲ್ಲಿ ಸುಮಾರು 8000 ಗಂಟೆ ಬರುತ್ತೆ. 105 ಡಿಗ್ರಿ, 2000 ಗಂಟೆಯದ್ದು ಅದೇ 65ರಲ್ಲಿ 32000 ಗಂಟೆ. ದರದ ವ್ಯತ್ಯಾಸ ಅಷ್ಟೇನಿಲ್ಲ.

ಫಿಲ್ಟರ್ ಕೆಪಾಸಿಟರ್ ಬದಲಿಸುವಾಗ 16 ಮೈಕ್ರೊಫ್ಯಾರಡ್ ಜಾಗಕ್ಕೆ 100 ಹಾಕೋ ಆಸೆ ಬರುತ್ತೆ, ಬೇಡ. ದೊಡ್ಡ ಕೆಪಾಸಿಟರ್ ಚಾರ್ಜ್ ಆಗುವಾಗ ಕರೆಂಟ್ ಚಿಕ್ಕ ಚಿಕ್ಕ ಜೋರು ಪೆಟ್ಟುಗಳಾಗಿ ಹರಿಯುತ್ತೆ, ಎಸಿಯನ್ನು ಡಿಸಿ ಮಾಡುವ ಜಿಝಡ್32 ರೆಕ್ಟಿಫಯರ್ ವಾಲ್ವಿಗೂ ಟ್ರಾನ್ಸ್‌ಫಾರ್ಮರ್ ವೈಂಡಿಂಗಿಗೂ ಬಿಸಿ ಏರುತ್ತೆ. 22ಕ್ಕೆ ನಿಲ್ಲಿಸಿ.

ಎಸ್‌ಪಿ_ರೋಡ್_ಗಿರಾಕಿ

ಹಾಗಾದರೆ ರೆಕ್ಟಿಫಯರ್ ವಾಲ್ವನ್ನೇ ತೆಗೆದು ಸಿಲಿಕಾನ್ ಡಯೋಡ್ ಹಾಕಿದರೆ? ಅದರ ಹೀಟರೇ ಹತ್ತು ವ್ಯಾಟ್ ಹತ್ತಿರ ತಿನ್ನುತ್ತೆ. ಅಷ್ಟೂ ಬಿಸಿ ಉಳಿಯಿತಲ್ಲ.

ಮೀಟರ್_ಮೊದಲು

ಆ ಹತ್ತು ವ್ಯಾಟ್ ಉಳಿಯುತ್ತೆ, ನಿಜ. ಆದರೆ ಡಯೋಡಿನಲ್ಲಿ ವೋಲ್ಟೇಜ್ ಬೀಳೋದು ತೀರಾ ಕಡಿಮೆ, ಎಚ್‌ಟಿ ಮೇಲೇರುತ್ತೆ, ಕೆಟಿ66 ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತೆ, 180 ಓಮ್ ಮತ್ತೆ ಕಾಯುತ್ತೆ. ಅದನ್ನು ತಡೆಯಲು ಸೀರೀಸ್ ರೆಸಿಸ್ಟರ್ ಹಾಕಬೇಕು, ಅದೂ ಬಿಸಿಯಾಗುತ್ತೆ. ಮೇಲಾಗಿ ವಾಲ್ವ್‌ಗಳು ಕಾಯುವ ಮುಂಚೆಯೇ ಪೂರ್ತಿ ಎಚ್‌ಟಿ ಬಂದು ಕೆಪಾಸಿಟರ್ ಮೇಲೆ ಕೂರುತ್ತೆ. ಈ ಆಂಪ್‌ಗೆ ನನ್ನ ಮತ ಬೇಡ ಅಂತಲೇ.

ಜಾಲಹಳ್ಳಿ_ಇಎಲ್84

ನನ್ನದು ಕ್ವಾಡ್ ಅಲ್ಲ, ಹಳೇ ರೇಡಿಯೋಗ್ರಾಮ್. ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಮಾಡಿದ ಇಎಲ್84 ವಾಲ್ವ್‌ಗಳಿವೆ. ನಮ್ಮ ಬೆಂಗಳೂರಿನಲ್ಲೇ ಬಿಇಎಲ್ 1961ರಲ್ಲಿ ರಿಸೀವಿಂಗ್ ವಾಲ್ವ್ ಮಾಡಲು ಶುರು ಮಾಡಿದ್ದು, ಈಗಲೂ ಹಳೇ ರೇಡಿಯೋಗಳಲ್ಲಿ ಕೆಲಸ ಮಾಡುತ್ತಿರುವ ಎಷ್ಟೋ ಇವೆ. ವಿಷಯ ಏನೆಂದರೆ ಬಿಸಿ ರೆಸಿಸ್ಟರಿನ ಕೆಳಗೆ ಕಂದು ಬಣ್ಣದ ಬೋರ್ಡ್ ಸುಟ್ಟು ಇದ್ದಿಲಿನಂತೆ ಆಗಿದೆ. ಹೊಸ ರೆಸಿಸ್ಟರ್ ಹಾಕಿದರೂ ಚಿಟಪಟ ಸದ್ದು ಹೋಗಿಲ್ಲ.

ಬೆಸುಗೆ_ಬಿಸಿ

ಸುಟ್ಟ ಬೋರ್ಡ್ ಅಂದರೆ ಇಂಗಾಲ, ಅದು ಕರೆಂಟ್ ಹರಿಸುತ್ತೆ. ಕೆರೆದು ವಾರ್ನಿಷ್ ಬಳಿದರೆ ಸಾಲದು. ಕಪ್ಪು ಭಾಗ ಪೂರ್ತಿ ಹೋಗುವವರೆಗೆ ಕತ್ತರಿಸಿ ತೆಗೆಯಿರಿ. ಆ ರೆಸಿಸ್ಟರನ್ನು ಬೋರ್ಡಿನಿಂದಲೇ ಹೊರಗೆ ತಂದು ಬೇರೆ ಟ್ಯಾಗ್ ಪಟ್ಟಿಯ ಮೇಲೆ ಕೂರಿಸಿ. ವಾಲ್ವ್ ಸಾಕೆಟ್ ಕೂಡ ನೋಡಿ. ಪಿನ್‌ಗಳ ಮಧ್ಯೆ ಕಪ್ಪು ಗೆರೆ ಕಂಡರೆ ಪಿಂಗಾಣಿ ಸಾಕೆಟ್ ಹಾಕಿ.

ದಾವಣಗೆರೆ_ವಾಲ್ವ್

ಅಪ್‌ಡೇಟ್. ಟ್ಯಾಪ್ ಬದಲಿಸಿದೆ, ಹೀಟರ್ ಈಗ 6.35. ಗ್ರಿಡ್ಡುಗಳನ್ನು ಬಿಸಿಯಾದ ಮೇಲೆ ಅಳೆದೆ. ಒಂದರಲ್ಲಿ 0.1 ವೋಲ್ಟ್, ಇನ್ನೊಂದರಲ್ಲಿ ಪಾಸಿಟಿವ್ 2.1. ತಣ್ಣಗಿದ್ದಾಗ ಎರಡೂ ಒಂದೇ ತರ ಇದ್ದವು. ಮೀಟರ್_ಮೊದಲು ಅವರಿಗೆ ದೊಡ್ಡ ನಮಸ್ಕಾರ. ಎರಡೂ ಕಪ್ಲಿಂಗ್ ಕೆಪಾಸಿಟರ್‌ಗಳನ್ನು 630 ವೋಲ್ಟ್ ಪಾಲಿಪ್ರೊಪಿಲೀನ್‌ಗೆ ಬದಲಿಸುತ್ತಿದ್ದೇನೆ.

ಬೆಸೆಯುವಾಗ ಪಕ್ಕದವು ಕಾಯದಂತೆ ನೋಡಿಕೊಳ್ಳೋದು ಹೇಗೆ? ಜಾಗ ತುಂಬಾ ಇಕ್ಕಟ್ಟು. 25 ವ್ಯಾಟ್ ಐರನ್ ಇದೆ.

ಬೆಸುಗೆ_ಬಿಸಿ

25 ವ್ಯಾಟ್ ಈ ಕೆಲಸಕ್ಕೆ ಚಿಕ್ಕದು. ಕಡಿಮೆ ವ್ಯಾಟ್ ಇದ್ದರೆ ಭಾಗಗಳಿಗೆ ಮೃದು ಅಂತ ಅನ್ನಿಸುತ್ತೆ, ಆಗೋದು ತಿರುಗುಮುರುಗು. ಹಳೇ ದಪ್ಪ ಟ್ಯಾಗ್ ಬಿಸಿಯನ್ನು ಹೀರುತ್ತಾ ಹೋಗುತ್ತೆ, ಸಾಲ್ಡರ್ ಕರಗಲ್ಲ, ನೀವು ಅರ್ಧ ನಿಮಿಷ ಒತ್ತಿ ಹಿಡಿಯುತ್ತೀರಿ, ಅಷ್ಟರಲ್ಲಿ ಬಿಸಿ ಕಾಲಿನುದ್ದಕ್ಕೂ ಹರಿದು ಕೆಪಾಸಿಟರಿನ ಹೊಟ್ಟೆ ಸೇರಿರುತ್ತೆ. 60 ವ್ಯಾಟ್, ಟೆಂಪರೇಚರ್ ಕಂಟ್ರೋಲ್ ಇರುವ ಐರನ್, ಅಗಲ ಮೂತಿ, 350 ಡಿಗ್ರಿ. ಮೂರು ನಾಲ್ಕು ಸೆಕೆಂಡಿನಲ್ಲಿ ಕೆಲಸ ಮುಗಿಯಬೇಕು. ಜಾಯಿಂಟಿಗೂ ಕೆಪಾಸಿಟರಿಗೂ ಮಧ್ಯೆ ಕಾಲಿಗೆ ಮೊಸಳೆ ಕ್ಲಿಪ್ ಸಿಕ್ಕಿಸಿ, ಬಿಸಿಯನ್ನು ಅದು ಹೀರಿಕೊಳ್ಳುತ್ತೆ. ಹಳೇ ಸಾಲ್ಡರಿಗೆ ಮೊದಲು ಸ್ವಲ್ಪ ಹೊಸದು ಸೇರಿಸಿ, ಬೇಗ ಕರಗುತ್ತೆ.

ಪುಡಿಯಾಗುವ ವೈರುಗಳನ್ನು ಟೆಫ್ಲಾನ್ ವೈರಿಗೆ ಬದಲಿಸಿ. ಕೆಪಾಸಿಟರನ್ನು ಹಿಡಿದು ನಿಲ್ಲಿಸಲು ಹಾಟ್ ಗ್ಲೂ ಮಾತ್ರ ಬಳಸಬೇಡಿ, ಈ ಷಾಸಿಯೊಳಗೆ ಅದು ಮೆತ್ತಗಾಗಿ ಇಳಿಯುತ್ತೆ.

ಕಡಲೂರು_ಹಮ್

ಟ್ರಾನ್ಸ್‌ಫಾರ್ಮರ್ ಎಷ್ಟು ಬಿಸಿ ಆಗಬಹುದು? ನನ್ನದನ್ನು ಕೈಯಲ್ಲಿ ಮುಟ್ಟಲು ಆಗಲ್ಲ. ಐಆರ್ ಗನ್ (ಮುಟ್ಟದೆ ಬಿಸಿ ಅಳೆಯುವ ಸಾಧನ) ಬರೀ 48 ತೋರಿಸುತ್ತೆ.

ಮೀಟರ್_ಮೊದಲು

ಹೊಳೆಯುವ ಲೋಹ, ಗಾಜು ಇವುಗಳ ಮೇಲೆ ಐಆರ್ ಗನ್ ನಂಬಬೇಡಿ. ಕಪ್ಪು ಇನ್ಸುಲೇಷನ್ ಟೇಪಿನ ಒಂದು ತುಂಡು ಅಂಟಿಸಿ ಅದರ ಮೇಲೆ ಅಳೆಯಿರಿ.

ಟ್ರಾನ್ಸ್‌ಫಾರ್ಮರಿನ ಒಳಗಿನ ಬಿಸಿಗೆ ಇನ್ನೂ ಒಳ್ಳೇ ದಾರಿ ಅದರ ತಾಮ್ರದ ತಂತಿಯೇ. ಪ್ರೈಮರಿಯ (ಮೇನ್ಸ್ ಸೇರುವ ವೈಂಡಿಂಗಿನ) ರೆಸಿಸ್ಟೆನ್ಸ್ ತಣ್ಣಗಿದ್ದಾಗ ಅಳೆದು ಬರೆದಿಡಿ. ಎರಡು ಗಂಟೆ ಓಡಿಸಿ, ಪ್ಲಗ್ ಕಿತ್ತ ತಕ್ಷಣ ಮತ್ತೆ ಅಳೆಯಿರಿ. ಕೋಣೆಯ ಡಿಗ್ರಿಗೆ 234.5 ಕೂಡಿಸಿ, ಬಿಸಿ ಓಮನ್ನು ತಣ್ಣನೆ ಓಮಿನಿಂದ ಭಾಗಿಸಿದ್ದರಿಂದ ಗುಣಿಸಿ, ಕೊನೆಗೆ 234.5 ಕಳೆಯಿರಿ. ಉದಾಹರಣೆಗೆ 30 ಡಿಗ್ರಿಯಲ್ಲಿ 15 ಓಮ್, ಬಿಸಿಯಲ್ಲಿ 17.7. ಉತ್ತರ 77 ಡಿಗ್ರಿ ಚಿಲ್ಲರೆ. ಹಳೇ ಕ್ಲಾಸ್ ಎ ಇನ್ಸುಲೇಷನ್ನಿಗೆ ಮಿತಿ 105. ಇದು ಸರಾಸರಿ ಲೆಕ್ಕ, ವೈಂಡಿಂಗಿನ ಮಧ್ಯಭಾಗ ಇನ್ನೂ ಬಿಸಿ ಇರುತ್ತೆ, ಹಾಗಾಗಿ 85, 90 ದಾಟಿದರೆ ನಾನಂತೂ ನಿಲ್ಲಿಸಿ ಕಾರಣ ಹುಡುಕ್ತೀನಿ. ಕ್ವಾಡ್ 2ರ ಟ್ರಾನ್ಸ್‌ಫಾರ್ಮರ್‌ಗಳ ಒಳಗೆ ಡಾಂಬರಿನಂಥ ಪಿಚ್ ತುಂಬಿರುತ್ತೆ. ಅದು ಹೊರಗೆ ಒಸರಿದ ಗುರುತು ಇದ್ದರೆ ಯಾವಾಗಲೋ ಒಮ್ಮೆ ತುಂಬಾ ಕಾದಿದೆ ಅಂತ.

ದಾವಣಗೆರೆ_ವಾಲ್ವ್

ಕೆಪಾಸಿಟರ್ ಬದಲಿಸಿ, 360 ಓಮಿನ ಎರಡು ರೆಸಿಸ್ಟರನ್ನು ಬೋರ್ಡಿನ ತುದಿಯಲ್ಲಿ ಎತ್ತಿ ಕೂರಿಸಿದೆ. ಬೈಪಾಸ್ ಕೆಪಾಸಿಟರ್ 105 ಡಿಗ್ರಿ, 63 ವೋಲ್ಟಿನದು, ಇನ್ನೊಂದು ತುದಿಯಲ್ಲಿದೆ. ಎರಡು ಗಂಟೆ ಆದ ಮೇಲೆ 25.4 ವೋಲ್ಟ್, ಏರದೆ ನಿಂತಿದೆ. ಎರಡೂ ಗ್ರಿಡ್ ಸೊನ್ನೆ ಹತ್ತಿರ. ಬೈಪಾಸ್ ಕೆಪಾಸಿಟರಿನ ಮೈ 58 ಡಿಗ್ರಿ, ಕೋಣೆ 34. ವಾಸನೆ ಇಲ್ಲ. ಬಾಸ್ ಕೂಡ ವಾಪಸ್ ಬಂದಿದೆ.

ಎರಡು ಕೆಟಿ66 ಸಮಾನವಾಗಿ ಎಳೆಯುತ್ತಿವೆಯಾ ಅಂತ ನೋಡೋದು ಹೇಗೆ? ರೆಸಿಸ್ಟರ್ ಒಂದೇ ಅಲ್ವಾ.

ಲೆಸ್ಟರ್_ಕನ್ನಡಿಗ

ಕ್ವಾಡ್ 2ರಲ್ಲಿ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಒಂದು ವೈಂಡಿಂಗ್ ಕ್ಯಾಥೋಡ್ ಕಡೆಯೂ ಇದೆ. ಪ್ರತಿ ಕ್ಯಾಥೋಡಿನಿಂದ ಆ ರೆಸಿಸ್ಟರಿಗೆ ಬರುವ ಅರ್ಧ ವೈಂಡಿಂಗಿನ ಓಮ್ ಮೊದಲು ಆಫ್ ಇದ್ದಾಗ ಅಳೆಯಿರಿ, ಆಮೇಲೆ ಓಡುವಾಗ ಅದರ ಮೇಲಿನ ಮಿಲಿವೋಲ್ಟ್ ನೋಡಿ ಭಾಗಿಸಿ. ಎರಡೂ ಕಡೆ 65, 70 ಮಿಲಿಆಂಪ್ ಬಂದರೆ ಆರಾಮ. ಒಂದು 90, ಇನ್ನೊಂದು 50 ಇದ್ದರೆ ರೆಸಿಸ್ಟರ್ ಮೇಲಿನ ವೋಲ್ಟೇಜ್ ಸರಿಯಾಗೇ ಕಾಣುತ್ತೆ, ಆದರೆ ಒಂದು ವಾಲ್ವ್ ಸಾಯುತ್ತಿರುತ್ತೆ.

ದಾವಣಗೆರೆ_ವಾಲ್ವ್

68 ಮತ್ತು 73 ಬಂತು. ಹೀಗೇ ಬಿಡ್ತೀನಿ. ಇನ್ನೊಂದು ಆಂಪ್‌ಗೂ ಇದೇ ಕೆಲಸ ಮಾಡ್ತೀನಿ, ಅದರ ಕೆಪಾಸಿಟರ್ ಇನ್ನೂ ಸೋರಿಲ್ಲ ಅಂದರೂ. ಕೊನೇ ಪ್ರಶ್ನೆ. ಎರಡನ್ನೂ ಟಿವಿ ಕೆಳಗಿನ ಷೆಲ್ಫಿನಲ್ಲಿ ಇಡಬಹುದಾ? ಫ್ಯಾನ್ ಬೇಕಾ?

ಕಲಬುರಗಿ_ಬೇಸಿಗೆ

ಮುಚ್ಚಿದ ಷೆಲ್ಫ್ ಬೇಡ. ಮೇಲೆ ತೆರೆದಿರುವ ಜಾಗ ಕೊಡಿ, ಎರಡರ ಮಧ್ಯೆ ಒಂದು ಗೇಣು ಅಂತರ ಬಿಡಿ. ಕೆಳಗೆ ರಬ್ಬರ್ ಕಾಲು ಎತ್ತರದ್ದು ಹಾಕಿ, ಷಾಸಿಯ ಅಡಿಗೆ ಗಾಳಿ ಹೋಗಲಿ. ಕಾರ್ಪೆಟ್ ಮೇಲಂತೂ ಇಡಲೇಬೇಡಿ. ಇಲ್ಲಿ 42 ಡಿಗ್ರಿ ದಾಟುವ ದಿನಗಳಲ್ಲಿ ನಾನು 80 ಮಿಲಿಮೀಟರಿನ 12 ವೋಲ್ಟ್ ಫ್ಯಾನನ್ನು 7 ವೋಲ್ಟಿನಲ್ಲಿ ಓಡಿಸ್ತೀನಿ, ಸದ್ದೇ ಕೇಳಲ್ಲ. ಗಾಳಿ ನೇರ ಒಂದೇ ವಾಲ್ವಿನ ಗಾಜಿಗೆ ಬಡಿಯದಂತೆ, ಷಾಸಿಯ ಪಕ್ಕದಿಂದ ನಿಧಾನ ಹಾಯುವಂತೆ ಇಡಿ. ತಿಂಗಳಿಗೊಮ್ಮೆ ಆಫ್ ಮಾಡಿ ಆರಿದ ಮೇಲೆ ಬ್ರಷ್‌ನಿಂದ ಧೂಳು ತೆಗೆಯಿರಿ. ಮೊದಲನೆಯದರಲ್ಲಿ 29 ವೋಲ್ಟ್ ಇದ್ದ ಜಾಗದಲ್ಲಿ ಆ ಇನ್ನೊಂದು ಆಂಪ್‌ನಲ್ಲಿ ಎಷ್ಟಿದೆ ಅಂತ ಮುಟ್ಟುವ ಮುಂಚೆ ಅಳೆದು ಹಾಕಿ, ಹೋಲಿಸಿ ನೋಡೋಣ.

ದಾವಣಗೆರೆ_ವಾಲ್ವ್

ಅದರಲ್ಲಿ 27.8 ಇದೆ, ಒಂದು ಗಂಟೆ ಆದರೂ ಏರಿಲ್ಲ. ಟ್ಯಾಪ್ ಅದೇ ಕೆಳಗಿನ ಜಾಗದಲ್ಲಿದೆ.

ಮೀಟರ್_ಮೊದಲು

ಹಾಗಾದರೆ ಅದರಲ್ಲಿ ಸೋರಿಕೆ ಇಲ್ಲ, ಬರೀ ಮೇನ್ಸ್ ಜಾಸ್ತಿ. ಟ್ಯಾಪ್ ಬದಲಿಸಿ ಮತ್ತೆ ಅಳೆಯಿರಿ, ಆಮೇಲೆ ಐರನ್ ಹಚ್ಚಿ.